ಹೊಸ ಸೂಪರ್‌ಹೀರೋ ಕಾಮಿಕ್ಸ್: ಬಿಡಿ ಸಂಚಿಕೆಯೋ, ಸಂಪುಟವೋ, ಆ್ಯಪೋ?

ಅಮೆರಿಕದಲ್ಲಿ ವಾರವಾರ ಬುಧವಾರ ಬರುವ ಹೊಸ ಕಾಮಿಕ್ಸನ್ನು ಮೈಸೂರಲ್ಲಿ ಕೂತು ಹೇಗೆ ಓದೋದು ಅಂತ ಕೇಳಿದ್ದೀರಿ. ದುಡ್ಡು ನೋಡಿದರೆ ಬಿಡಿ ಸಂಚಿಕೆ ದುಬಾರಿ. 20 ಚಿಲ್ಲರೆ ಪುಟಕ್ಕೆ ಅಲ್ಲೇ 4-5 ಡಾಲರ್, ತರಿಸುವ ಖರ್ಚು ಬೇರೆ. ಕಾಫಿ ಆರುವಷ್ಟರಲ್ಲಿ ಓದಿ ಮುಗಿಯುತ್ತೆ, ಕಥೆ ಮಾತ್ರ ನಡುವೆ ನಿಂತಿರುತ್ತೆ. ಆದರೂ ಕವರ್ ಚಿತ್ರ ಕೂಡಿಡುವ ಹುಚ್ಚಿದ್ದರೆ ಇದೇ ಬೇಕು. ಮಳೆಗಾಲದಲ್ಲಿ ಪಿನ್ನು ತುಕ್ಕು ಹಿಡಿಯುತ್ತೆ, ಪ್ಲಾಸ್ಟಿಕ್ ಕವರಲ್ಲಿಡಿ.

ಸಂಪುಟದಲ್ಲಿ ಸಾಮಾನ್ಯವಾಗಿ ಐದಾರು ಸಂಚಿಕೆ ಒಟ್ಟಿಗೆ ಸಿಗುತ್ತೆ. ಗಟ್ಟಿ, ಗೆಳೆಯರಿಗೂ ಕೊಡಬಹುದು. ಕೆಲವು ತಿಂಗಳು ಕಾಯಬೇಕು ಅಷ್ಟೆ.

ಮಾರ್ವೆಲ್ ಕಂಪನಿ ತನ್ನ ಕಾಮಿಕ್ಸ್ ಓದೋಕೆ ಕೊಡುವ ಮಾರ್ವೆಲ್ ಅನ್‌ಲಿಮಿಟೆಡ್ ಆ್ಯಪ್‌ನಲ್ಲಿ ಚಂದಾ ಕಟ್ಟಿದರೆ ಹಳೆಯವೂ ಸಾವಿರಾರು, ಹೊಸದು ಸುಮಾರು 3 ತಿಂಗಳು ತಡ. ಎರಡು ಪುಟ ತುಂಬಿದ ಹೊಡೆದಾಟ ಫೋನಿನಲ್ಲಿ ಸಪ್ಪೆ, ಟ್ಯಾಬ್ ಇದ್ದರೆ ಪರವಾಗಿಲ್ಲ. ಯಾವ ಹೀರೋ ಹಿಡಿಸುತ್ತಾನೆ ಅಂತ ಇನ್ನೂ ಗೊತ್ತಿಲ್ಲದಿದ್ದರೆ ಇಲ್ಲಿಂದಲೇ ಶುರು ಮಾಡಿ.