ಮಲಗಿದ್ದ ಸಿಪಿಯು ಎದ್ದು ನಿಂತ ಮೇಲೆ: ಎರಡು ವರ್ಷದ ಅನುಭವ

ನನ್ನದು ಡೆಲ್ ಆಪ್ಟಿಪ್ಲೆಕ್ಸ್, ಸಣ್ಣ ಬಾಕ್ಸಿನ ಮಾಡೆಲ್, ಸೆಕೆಂಡ್ ಹ್ಯಾಂಡ್. ಒಳಗಿರುವುದು ಐ5-6500, 65 ವ್ಯಾಟಿನ ಪ್ರೊಸೆಸರ್. ಚಿಕ್ಕಮಗಳೂರಿನ ಐ.ಜಿ. ರಸ್ತೆ ಬದಿಯ ಡಿಟಿಪಿ ಅಂಗಡಿಯಲ್ಲಿ ಬೆಳಗ್ಗೆ ಶಟರ್ ಎತ್ತಿದಾಗ ಆನ್ ಆದರೆ ರಾತ್ರಿಯೇ ಆಫ್. ಮೊದಲು ಮಲಗಿಸಿ ಅದರ ಮೇಲೇ ಮಾನಿಟರ್ ಇಟ್ಟಿದ್ದೆ. ಈಗ ಎರಡು ವರ್ಷದಿಂದ ನಿಂತೇ ಇದೆ. ಅಂಗಡಿಗೆ ಬಂದವರು ಕೇಳುವುದು ಒಂದೇ: "ಹಿಂಗ್ ನಿಲ್ಲಿಸಿದ್ರೆ ತಣ್ಣಗಿರುತ್ತಾ ಸಾರ್?"

ಇರುತ್ತೆ. ಆದರೆ ಬಿಸಿ ಗಾಳಿ ಮೇಲಕ್ಕೆ ಏರುತ್ತೆ ಅನ್ನೋ ಕಾರಣಕ್ಕಲ್ಲ. ಏರೋದು ನಿಜವೇ, ಆದರೆ ಫ್ಯಾನ್ ತಿರುಗುತ್ತಿರುವ ಕಡೆ ಅದರ ಆಟ ನಡೆಯಲ್ಲ. ಮುಂದಿನ ಜಾಲರಿಯಿಂದ ಗಾಳಿ ಎಳೆದು ಹಿಂದಕ್ಕೆ ತಳ್ಳುವ ದಾರಿ ಮಲಗಿದ್ದರೂ ಅದೇ, ನಿಂತರೂ ಅದೇ. ಸುತ್ತ ಜಾಗ ಬಿಟ್ಟು ಎರಡೂ ರೀತಿ ಇಟ್ಟು, ಮದುವೆ ಆಲ್ಬಮ್ಮಿನ ದೊಡ್ಡ ಫೈಲ್ ಎಕ್ಸ್‌ಪೋರ್ಟ್‌ಗೆ ಹಾಕಿ ನೋಡಿದೆ: ವ್ಯತ್ಯಾಸ ಒಂದೆರಡು ಡಿಗ್ರಿ, ಅಷ್ಟೆ. ನಿಜವಾದ ಲಾಭ ಬೇರೆ. ಮಲಗಿದ್ದಾಗ ಬಾಕ್ಸಿನ ಬೆನ್ನು ಗೋಡೆಗೆ ಒತ್ತಿಕೊಂಡಿರುತ್ತಿತ್ತು, ಮುಂದಿನ ಜಾಲರಿಗೆ ಲಗ್ನಪತ್ರಿಕೆ ಸ್ಯಾಂಪಲ್ಲುಗಳ ರಾಶಿ ಅಡ್ಡ. ಉಗುಳಿದ ಬಿಸಿಯನ್ನೇ ಮತ್ತೆ ನುಂಗುತ್ತಿತ್ತು. ನಿಂತ ಮೇಲೆ ಮುಂದೂ ಹಿಂದೂ ಖಾಲಿ. ಏಪ್ರಿಲ್ ಮಧ್ಯಾಹ್ನ ಶೀಟಿನ ಕೆಳಗೆ ಕೂತಾಗಲೂ ಫ್ಯಾನ್ ಮೊದಲಿನಂತೆ ಕಿರುಚಲ್ಲ.

ಇದಕ್ಕಿಂತ ಹೆಚ್ಚು ಇಳಿಕೆ ಕಂಡದ್ದು ಒಳಗೆ ಕ್ಲೀನ್ ಮಾಡಿ ಪ್ರೊಸೆಸರಿನ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿದಾಗ. ನಮ್ಮೂರಿನ ಮಳೆಗಾಲದ ತೇವಕ್ಕೆ ಆ ಲೋಹದ, ಅಂದರೆ ಹೀಟ್‌ಸಿಂಕಿನ, ಪಟ್ಟಿಗಳ ನಡುವೆ ಧೂಳು ಕಂಬಳಿ ತುಂಡಿನ ಹಾಗೆ ಹೆಪ್ಪುಗಟ್ಟಿತ್ತು. ಬ್ಲೋವರ್‌ಗೆ ಹೋಗಲಿಲ್ಲ, ಬ್ರಷ್ಷಿನಲ್ಲಿ ಕೆರೆಯಬೇಕಾಯಿತು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದಿರಿ, ಗಾಳಿಯ ರಭಸಕ್ಕೆ ಸುಮ್ಮನೆ ಸುತ್ತಲು ಬಿಡಬೇಡಿ. ಮತ್ತೆ, ನಿಲ್ಲಿಸ್ತೀರಿ ಅಂತ ನೆಲದ ಮೇಲಂತೂ ಇಡಬೇಡಿ. ಕಸ ಗುಡಿಸಿದ ಧೂಳೆಲ್ಲ ಸೀದಾ ಒಳಗೆ.

ಹಾರ್ಡ್ ಡಿಸ್ಕಿಗೆ ನಿಂತರೇನೂ ತೊಂದರೆಯಿಲ್ಲ. ಡಿವಿಡಿ ಡ್ರೈವ್ ಲ್ಯಾಪ್‌ಟಾಪಿನಂಥ ತೆಳುವಾದದ್ದು, ಡಿಸ್ಕನ್ನು ನಡುವೆ ಒತ್ತಿ ಕೂರಿಸಬೇಕು, ಹಾಗಾಗಿ ಜಾರಲ್ಲ. ತೊಂದರೆಯಿರುವುದು ಅಗಲದಲ್ಲೇ: ಬಾಕ್ಸ್ ಸಪೂರ, ಕೇಬಲ್ಲಿಗೆ ಯಾರದ್ದಾದರೂ ಕಾಲು ತಗುಲಿದರೆ ಉರುಳುತ್ತೆ. ನಾನು ಎರಡೂ ಪಕ್ಕ ಮರದ ಪಟ್ಟಿ ಹೊಡೆಸಿದ್ದೇನೆ.

ಅದೇ ಹುರುಪಿನಲ್ಲಿ ಮಾನಿಟರನ್ನೂ ಉದ್ದಕ್ಕೆ ತಿರುಗಿಸಿದೆ. ಎ4 ಪುಟ ಪೂರ್ತಿ ಒಂದೇ ನೋಟಕ್ಕೆ ಸಿಗುತ್ತೆ, ಕರಾರುಪತ್ರ ಟೈಪ್ ಮಾಡುವವರಿಗೆ ಸುಖವೋ ಸುಖ. ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಐಪಿಎಸ್ ಪ್ಯಾನೆಲ್ (ಪರದೆ) ಇದ್ದರೆ ಮಾತ್ರ ಈ ಸಾಹಸ ಮಾಡಿ; ಹಳೇ ಟಿಎನ್ ಪ್ಯಾನೆಲ್ ತಿರುಗಿಸಿದರೆ ಸ್ವಲ್ಪ ಪಕ್ಕಕ್ಕೆ ವಾಲಿದರೂ ಬಣ್ಣ ಬದಲಾಗುತ್ತೆ. ಸಣ್ಣ ಒತ್ತಕ್ಷರಗಳ ಅಂಚಿನಲ್ಲಿ ಬಣ್ಣದ ಗೆರೆ ಕಂಡರೆ ವಿಂಡೋಸ್‌ನಲ್ಲಿ ಅಕ್ಷರದ ಅಂಚು ನಯ ಮಾಡುವ ಕ್ಲಿಯರ್‌ಟೈಪ್ ಆಫ್ ಮಾಡಿ ನೋಡಿ.