ಮಲೆನಾಡಿನ ಮನೆಯಲ್ಲಿ ಸನ್ ಅಲ್ಟ್ರಾ 5: ಹಳೆಯ ಯುನಿಕ್ಸ್ ವರ್ಕ್‌ಸ್ಟೇಷನ್ನಿನ ಜೊತೆ ಮೂರು ಮಳೆಗಾಲ

ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಅಲ್ಟ್ರಾ 5 ವರ್ಕ್‌ಸ್ಟೇಷನ್ ತೀರ್ಥಹಳ್ಳಿ ಸಮೀಪದ ನಮ್ಮ ಮನೆಗೆ ಬಂದು ಮೂರು ಮಳೆಗಾಲಗಳು ಕಳೆದಿವೆ. ಇಂಜಿನಿಯರುಗಳ, ವಿಜ್ಞಾನಿಗಳ ಕೆಲಸಕ್ಕೆಂದು ಮಾಡಿದ, ಯುನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ನಡೆಯುವ ಮೇಜಿನ ಕಂಪ್ಯೂಟರ್ ಇದು; 1998ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ಇಂದು ಬೇಕೆನ್ನುವವರಿಗೆ ಹಳೆಯ ಸಾಮಾನಿನ ವ್ಯಾಪಾರಿಗಳೇ ಗತಿ. ನಾನು ಇದನ್ನು ಬೆಂಗಳೂರಿನ ವ್ಯಾಪಾರಿಯೊಬ್ಬರಿಂದ 9,000 ರೂಪಾಯಿಗೆ ಕೊಂಡು, ಎರಡು ಕಂಬಳಿಗಳಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ತಂದೆ. ಕೊಟ್ಟ ಹಣಕ್ಕೆ ತಕ್ಕ ವಸ್ತುವೇ ಇದು ಎಂದು ಕೇಳಿದರೆ ಹೌದು ಎನ್ನುತ್ತೇನೆ. ಆದರೆ ಆ ಉತ್ತರ ಕೊಡುವ ಧೈರ್ಯ ಬಂದದ್ದು ಮೊದಲ ಮಳೆಗಾಲ ದಾಟಿದ ಮೇಲೆ.

ನನ್ನ ಯಂತ್ರದಲ್ಲಿರುವುದು 400 ಮೆಗಾಹರ್ಟ್ಸ್ ವೇಗದ ಅಲ್ಟ್ರಾಸ್ಪಾರ್ಕ್ 2ಐ ಪ್ರೊಸೆಸರ್. ನಾಲ್ಕು ಸ್ಲಾಟುಗಳಲ್ಲಿ 128 ಎಂಬಿಯ ನಾಲ್ಕು ಮೆಮೊರಿ ಪಟ್ಟಿಗಳಿದ್ದು, ಒಟ್ಟು 512 ಎಂಬಿ ಆಗುತ್ತದೆ; ಈ ಮಾದರಿಗೆ ಕಂಪನಿ ಹೇಳಿದ ಮಿತಿಯೂ ಅಷ್ಟೇ. ಸನ್ ಕಂಪನಿಯ ಅದಕ್ಕಿಂತ ಹಿಂದಿನ ವರ್ಕ್‌ಸ್ಟೇಷನ್ನುಗಳಲ್ಲಿ ಸ್ಕಸಿ ಎಂಬ ಬೇರೆ ಬಗೆಯ ಜೋಡಣೆಯ ಡಿಸ್ಕುಗಳೇ ಬೇಕಾಗುತ್ತಿದ್ದವು. ಇದರಲ್ಲಿ ಸಾಮಾನ್ಯ ಪಿಸಿಯ ಐಡಿಇ ಡಿಸ್ಕು ನಡೆಯುತ್ತದೆ, ಮಾನಿಟರಿಗೂ ಸಾಧಾರಣ ವಿಜಿಎ ಕೇಬಲ್ ಸಾಕು. ಶಿವಮೊಗ್ಗದಂಥ ಊರಿನಲ್ಲಿರುವವನಿಗೆ ಇದು ಸಣ್ಣ ಅನುಕೂಲವಲ್ಲ, ಏಕೆಂದರೆ ಹಳೆಯ ಐಡಿಇ ಡಿಸ್ಕು ಇಲ್ಲಿನ ರಿಪೇರಿ ಅಂಗಡಿಯ ಮೂಲೆಯಲ್ಲಿ ಇನ್ನೂ ಸಿಗುತ್ತದೆ, ಸ್ಕಸಿ ಡಿಸ್ಕನ್ನು ಮಾತ್ರ ಊರೂರು ಅಲೆದು ಹುಡುಕಬೇಕು.

ವ್ಯಾಪಾರಿ ಕೀಬೋರ್ಡ್ ಕೊಟ್ಟಿರಲಿಲ್ಲ. ಈ ಯಂತ್ರಕ್ಕೆ ಸನ್ ಕಂಪನಿಯದೇ ಎಂಟು ಪಿನ್ನಿನ ದುಂಡು ಕನೆಕ್ಟರಿನ ಕೀಬೋರ್ಡ್ ಬೇಕು. ಪಿಸಿಯ ಕೀಬೋರ್ಡ್ ಹೊಂದುವುದಿಲ್ಲ. ಮನೆಗೆ ತಂದ ದಿನ ಇದರಿಂದ ನಿರಾಶೆಯಾಯಿತಾದರೂ, ಕೀಬೋರ್ಡ್ ಕಾಣದಿದ್ದರೆ ಯಂತ್ರವು ತಾನಾಗಿಯೇ ಸೀರಿಯಲ್ ಪೋರ್ಟಿನ ಮೂಲಕ ಮಾತನಾಡತೊಡಗುತ್ತದೆ ಎಂಬುದನ್ನು ಕೈಪಿಡಿಯಲ್ಲಿ ಓದಿ, ಹಿಂಭಾಗದ 25 ಪಿನ್ನಿನ ಎ ಪೋರ್ಟಿಗೆ ಎರಡು ಕಂಪ್ಯೂಟರುಗಳನ್ನು ನೇರವಾಗಿ ಜೋಡಿಸುವ ನಲ್ ಮೋಡೆಮ್ ಕೇಬಲ್ ಸಿಕ್ಕಿಸಿ, ಯುಎಸ್‌ಬಿ ಪರಿವರ್ತಕದಿಂದ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಸಂಪರ್ಕದ ವೇಗವನ್ನು ಸೆಕೆಂಡಿಗೆ 9600 ಬಿಟ್ಟಿಗೆ ಇಟ್ಟು ಸ್ವಿಚ್ ಒತ್ತಿದಾಗ ಪರದೆಯ ಮೇಲೆ ಯಂತ್ರದ ಹೆಸರು, ಪ್ರೊಸೆಸರಿನ ವೇಗ, ಮೆಮೊರಿ, ಕೀಬೋರ್ಡ್ ಇಲ್ಲವೆಂಬ ಸಾಲು ಒಂದರ ಕೆಳಗೊಂದು ಮೂಡಿದವು. ಇಷ್ಟು ಸ್ಪಷ್ಟವಾಗಿ ತನ್ನ ಸ್ಥಿತಿಯನ್ನು ಹೇಳಿಕೊಳ್ಳುವ ಕಂಪ್ಯೂಟರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಪರೇಟಿಂಗ್ ಸಿಸ್ಟಮ್ ಇಲ್ಲದಿದ್ದರೂ, ಡಿಸ್ಕೇ ಇಲ್ಲದಿದ್ದರೂ, ಓಪನ್‌ಬೂಟ್ ಎಂಬ ಒಳಗಿನ ವ್ಯವಸ್ಥೆ ಎಚ್ಚರವಾಗಿದ್ದು, 'ಓಕೆ' ಎಂಬ ಪ್ರಾಂಪ್ಟಿನ ಮುಂದೆ ನಾವು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಸರ್ವಿಸ್ ಇಂಜಿನಿಯರ್ ಬಾರದ ಊರಿನಲ್ಲಿ ಒಂದು ಯಂತ್ರವನ್ನು ಇಟ್ಟುಕೊಳ್ಳುವವನಿಗೆ ಇದಕ್ಕಿಂತ ಬೆಲೆಯುಳ್ಳ ಗುಣ ಬೇರೊಂದಿಲ್ಲ.

ಆ ಸಾಲುಗಳ ನಡುವೆಯೇ ದೋಷದ ಸುದ್ದಿಯೂ ಇತ್ತು. ಗುರುತಿನ ಮಾಹಿತಿ ಸರಿಯಿಲ್ಲವೆಂದು ಯಂತ್ರ ದೂರುತ್ತಿತ್ತು. ಈಥರ್‌ನೆಟ್ ವಿಳಾಸದ ಜಾಗದಲ್ಲಿ ಬರೀ ಎಫ್ ಅಕ್ಷರಗಳು ಕಾಣಿಸುತ್ತಿದ್ದವು. ಕಾರಣ ಮದರ್‌ಬೋರ್ಡಿನ ಸಾಕೆಟ್ಟಿನಲ್ಲಿ ಕುಳಿತಿರುವ ಎಂ48ಟಿ59 ಎಂಬ ಚಿಪ್ಪು. ಗಡಿಯಾರ, ಬೂಟ್ ಸೆಟ್ಟಿಂಗು, ನೆಟ್‌ವರ್ಕ್ ವಿಳಾಸ ಎಲ್ಲವನ್ನೂ ನೆನಪಿಡುವುದು ಅದೇ. ಅದರ ಸೆಲ್ಲು ಚಿಪ್ಪಿನ ಒಳಗೇ, ಎಪಾಕ್ಸಿ ಎಂಬ ಗಟ್ಟಿ ಅಂಟಿನಲ್ಲಿ ಹುದುಗಿರುತ್ತದೆ. ಸುಮಾರು ಹತ್ತು ವರ್ಷ ಬಾಳುವ ಸೆಲ್ಲು ಅದು; ಇಪ್ಪತ್ತು ವರ್ಷ ದಾಟಿದ ಯಾವ ಅಲ್ಟ್ರಾ 5 ಕೊಂಡರೂ, ಹಿಂದಿನ ಮಾಲೀಕರು ಬದಲಿಸಿರದಿದ್ದರೆ, ಸೆಲ್ಲು ಸತ್ತಿದೆ ಎಂದೇ ತಿಳಿಯಬೇಕು. ವ್ಯಾಪಾರಿ ಈ ವಿಷಯ ಹೇಳದೇ 'ಕಂಡೀಷನ್ ಪೂರ್ತಿ ಚೆನ್ನಾಗಿದೆ ಸರ್' ಎಂದು ಮಾರಿದ್ದು ಸರಿಯಲ್ಲ ಎಂಬ ಬೇಸರ ನನಗೆ ಈಗಲೂ ಇದೆ.

ಚಿಪ್ಪನ್ನು ಕಿತ್ತುಕೊಂಡು ಶಿವಮೊಗ್ಗದಲ್ಲಿ ರೇಡಿಯೊ ಮತ್ತು ಆಂಪ್ಲಿಫೈಯರ್ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿಗೆ ಹೋದೆ. ಅವರು ಕನ್ನಡಕ ಏರಿಸಿ, ಚಿಪ್ಪನ್ನು ಬೆಳಕಿಗೆ ಹಿಡಿದು, "ಏನು ತಮ್ಮಾ, ಐಸಿ ಹೊಟ್ಟೆಯೊಳಗೇ ಸೆಲ್ಲು ಇಟ್ಟು ಮುಚ್ಚಿದ್ದಾರಲ್ಲ, ಸತ್ತ ಮೇಲೆ ಏನು ಮಾಡಬೇಕು ಅಂತ ಯೋಚನೆ ಮಾಡಲಿಲ್ವಾ?" ಎಂದು ಕೇಳಿದರು. ನಾನು ಬರೆದುಕೊಂಡು ಹೋಗಿದ್ದ ಚಿತ್ರವನ್ನು ಎರಡು ಸಲ ನೋಡಿದ ಮೇಲೆ ಸಣ್ಣ ಅರದಿಂದ ಚಿಪ್ಪಿನ ಒಂದು ತುದಿಯ ಕಪ್ಪು ಎಪಾಕ್ಸಿಯನ್ನು ತೇಯತೊಡಗಿದರು. ಮಸಿಯಂಥ ಪುಡಿ ಕಾಗದದ ಮೇಲೆ ಉದುರುತ್ತಾ ಹೋಗಿ, ಕಾಲು ಗಂಟೆಯ ನಂತರ ಸಾಸಿವೆ ಕಾಳಿಗಿಂತ ಚಿಕ್ಕದಾದ ಎರಡು ಲೋಹದ ಚುಕ್ಕೆಗಳು ಹೊಳೆದವು. ಒಳಗಿನ ಸತ್ತ ಸೆಲ್ಲಿನ ಸಂಪರ್ಕ ಕಡಿದು, ಆ ಚುಕ್ಕೆಗಳಿಗೆ ಕೆಂಪು ಮತ್ತು ಕಪ್ಪು ತಂತಿಗಳನ್ನು ಬೆಸೆದು, ಇನ್ನೊಂದು ತುದಿಗೆ ಸಿಆರ್2032 ಸೆಲ್ಲಿನ ಹೋಲ್ಡರ್ ಕಟ್ಟಿಕೊಟ್ಟರು. ಇನ್ನು ಮುಂದೆ ಸೆಲ್ಲು ಮುಗಿದರೆ ಗಡಿಯಾರದ ಅಂಗಡಿಯಲ್ಲೋ ಮೆಡಿಕಲ್ ಶಾಪಿನಲ್ಲೋ ಸಿಗುವ ಹೊಸ ಸೆಲ್ಲು ಹಾಕಿದರಾಯಿತು. ಕೂಲಿ ಎಂದು 150 ರೂಪಾಯಿ ಮಾತ್ರ ತೆಗೆದುಕೊಂಡರು.

ಮನೆಗೆ ಬಂದು ಗುರುತಿನ ಮಾಹಿತಿಯನ್ನು ಕೈಯಿಂದಲೇ ತುಂಬಿದೆ. ಅದು ಒಟ್ಟು 16 ಬೈಟುಗಳ ಬರಹ: ನಮೂನೆಗೆ ಒಂದು, ಯಂತ್ರದ ಬಗೆಗೆ ಒಂದು, ಈಥರ್‌ನೆಟ್ ವಿಳಾಸಕ್ಕೆ ಆರು, ದಿನಾಂಕಕ್ಕೆ ನಾಲ್ಕು, ಕ್ರಮಸಂಖ್ಯೆಗೆ ಮೂರು, ಕೊನೆಯದು ಹಿಂದಿನ ಹದಿನೈದನ್ನೂ ತಾಳೆ ನೋಡುವ ಮೊತ್ತ. ಚಿಪ್ಪಿನ ಮೇಲಿನ ಚೀಟಿಯಲ್ಲಿ ಮೂಲ ಸಂಖ್ಯೆ ಇರುವುದರಿಂದ ಎಪಾಕ್ಸಿ ತೇಯುವ ಮುನ್ನ ಅದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಆ ಕಾಲದ ಸನ್ ಯಂತ್ರಗಳ ವಿಳಾಸ 08:00:20 ಎಂದು ಆರಂಭವಾಗುತ್ತದೆ, ಉಳಿದ ಮೂರು ಬೈಟು ಆ ಚೀಟಿಯಿಂದ ಸಿಗುತ್ತವೆ. ಮರುದಿನ ಬೆಳಿಗ್ಗೆ ಯಂತ್ರ ಹೊತ್ತಿಸಿದಾಗ ದೂರಿಲ್ಲದೆ, ತನ್ನ ವಿಳಾಸ ಹೇಳಿಕೊಂಡು ಎದ್ದಿತು.

ಇನ್ನು ಕರೆಂಟಿನ ವಿಷಯ. ಯಂತ್ರದ ಮೈಯೆಲ್ಲ ಲೋಹ. ಮೊದಲ ವಾರ ಅದನ್ನು ಮುಟ್ಟಿದಾಗಲೆಲ್ಲ ಬೆರಳಿಗೆ ಸಣ್ಣಗೆ ಜುಮ್ಮೆನ್ನುತ್ತಿತ್ತು. ತಪ್ಪು ಯಂತ್ರದ್ದಲ್ಲ, ನಮ್ಮ ಮನೆಯ ಅರ್ಥಿಂಗಿನದು: ಹಿತ್ತಿಲಿನ ಹಳೆಯ ಗುಂಡಿ ಒಣಗಿ ಹೋಗಿತ್ತು. ಹೊಸ ಗುಂಡಿ ತೋಡಿಸಿ, ಇದ್ದಿಲು ಮತ್ತು ಉಪ್ಪು ತುಂಬಿಸಿದ ದಿನದಿಂದ ಆ ಜುಮ್ಮು ನಿಂತಿತು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯುತ್ತೇವೆ. ಮನೆಯ ಇನ್ವರ್ಟರ್ ಸಾಮಾನ್ಯ ಕ್ರಮದಲ್ಲಿದ್ದಾಗ ಕರೆಂಟು ಹೋದ ಕೂಡಲೇ ಯಂತ್ರ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು, ಇನ್ವರ್ಟರಿನ ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಕ್ರಮಕ್ಕೆ ತಿರುಗಿಸಿದ ಮೇಲೆ ಆ ತೊಂದರೆ ಇಲ್ಲ. ಏಪ್ರಿಲ್, ಮೇ ತಿಂಗಳುಗಳ ಗುಡುಗು ಮಳೆಗೆ ಮಾತ್ರ ಯಾವ ಉಪಕರಣವನ್ನೂ ನಂಬಬಾರದು. ಮೋಡ ಕಟ್ಟಿದ ತಕ್ಷಣ ಪ್ಲಗ್ಗಿನ ಜೊತೆಗೆ ನೆಟ್‌ವರ್ಕ್ ಕೇಬಲನ್ನೂ ಕಿತ್ತಿಡಬೇಕು, ಏಕೆಂದರೆ ಸಿಡಿಲು ಎರಡನೆಯ ದಾರಿಯಿಂದಲೂ ಬರುತ್ತದೆ.

ಆರ್ದ್ರಾ ಮಳೆ ಹಿಡಿದ ಮೇಲೆ ನಮ್ಮಲ್ಲಿ ಗೋಡೆ ಬೆವರುತ್ತದೆ, ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಬರುತ್ತದೆ. ಯಂತ್ರವನ್ನು ದಿನಕ್ಕೆ ಮೂರು ನಾಲ್ಕು ಗಂಟೆ ಓಡಿಸುವುದೇ ಇದಕ್ಕೆ ಮದ್ದು ಎಂದು ಅನುಭವದಿಂದ ಕಲಿತೆ. ತನ್ನ ಬಿಸಿಯಿಂದ ತಾನೇ ಒಣಗಿಕೊಳ್ಳುತ್ತದೆ. ಮೊದಲ ವರ್ಷ ಹತ್ತು ದಿನ ಮುಚ್ಚಿಟ್ಟಿದ್ದಾಗ ಮೆಮೊರಿ ಪಟ್ಟಿಯ ಕಾಲುಗಳು ಮಂಕಾಗಿ, ನಾಲ್ಕರಲ್ಲಿ ಎರಡು ಮಾತ್ರ ಲೆಕ್ಕಕ್ಕೆ ಬಂದವು. ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಕೂರಿಸಿದಾಗ ಸರಿಹೋಯಿತು.

ಆಪರೇಟಿಂಗ್ ಸಿಸ್ಟಮ್ ಯಾವುದು ಹಾಕಬೇಕು ಎಂಬುದರ ಬಗ್ಗೆ ನನ್ನ ಅಭಿಪ್ರಾಯ ಎರಡು ಸಲ ಬದಲಾಯಿತು. ಮೊದಲು 2005ರಲ್ಲಿ ಬಂದ, ಸನ್ ಕಂಪನಿಯದೇ ಯುನಿಕ್ಸ್ ಆದ ಸೋಲಾರಿಸ್ 10 ಹಾಕಿದೆ. ಈ ಯಂತ್ರಕ್ಕೆ ಹೊಂದುವ ಸೋಲಾರಿಸ್‌ಗಳಲ್ಲಿ ಅದೇ ಕೊನೆಯದು, 2011ರ ಸೋಲಾರಿಸ್ 11 ಇದನ್ನು ಕೈಬಿಟ್ಟಿದೆ. ಸಿಡಿಇ ಎಂಬ ಹಳೆಯ ಡೆಸ್ಕ್‌ಟಾಪ್ ಚುರುಕಾಗಿ ನಡೆಯಿತು, ಕೈಪಿಡಿ ಪುಟಗಳು ಓದಿದಷ್ಟೂ ಮುಗಿಯದಷ್ಟು ಸಮೃದ್ಧವಾಗಿದ್ದವು. ಆದರೆ 2010ರಲ್ಲಿ ಸನ್ ಕಂಪನಿ ಒರೇಕಲ್ ಪಾಲಾದ ನಂತರ ಭದ್ರತೆಯ ತಿದ್ದುಪಡಿಗಳಿಗೆ ಬೆಂಬಲದ ಒಪ್ಪಂದ ಬೇಕಾಗುವುದರಿಂದ, ಅದನ್ನು ಇಂಟರ್ನೆಟ್ಟಿಗೆ ಜೋಡಿಸಿಡಲು ಮನಸ್ಸು ಒಪ್ಪಲಿಲ್ಲ. ಆಮೇಲೆ ನೆಟ್‌ಬಿಎಸ್‌ಡಿ ಎಂಬ, ಉಚಿತವಾಗಿ ಸಿಗುವ ಯುನಿಕ್ಸ್ ಬಗೆಯ ವ್ಯವಸ್ಥೆ ಹಾಕಿ ಕೆಲ ತಿಂಗಳು ಬಳಸಿದೆ. ಅದರ ಮೇಲೆ ದೂರೇನೂ ಇಲ್ಲ. ಕೊನೆಗೆ ನೆಲೆಯಾದದ್ದು ಅದೇ ಬಳಗದ ಓಪನ್‌ಬಿಎಸ್‌ಡಿ. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ತರುವ ಈ ವ್ಯವಸ್ಥೆ ಇಷ್ಟು ಹಳೆಯ ಯಂತ್ರವನ್ನೂ ಇನ್ನೂ ತನ್ನ ಪಟ್ಟಿಯಲ್ಲಿ ಇಟ್ಟುಕೊಂಡಿದೆ. ಪ್ರತಿ ಸಲ ಎದ್ದಾಗಲೂ ತನ್ನ ತಿರುಳಾದ ಕರ್ನಲ್ಲನ್ನು ಹೊಸದಾಗಿ ಜೋಡಿಸಿಕೊಳ್ಳುವ ಅದರ ಭದ್ರತಾ ಕ್ರಮದಿಂದ ಮೊದಲ ಕೆಲವು ನಿಮಿಷ ಯಂತ್ರ ಏದುಸಿರು ಬಿಡುತ್ತದೆ. ಕಾಫಿ ಕುಡಿದು ಬಂದರೆ ಸಿದ್ಧವಾಗಿರುತ್ತದೆ.

ನಾನು ಇದನ್ನು ಯಾವುದಕ್ಕೆ ಬಳಸುತ್ತೇನೆ ಎಂದು ಕೇಳುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಅಂಗಳದಲ್ಲಿ ಮಳೆಮಾಪಕವಿದೆ, ಅಪ್ಪನ ಕಾಲದಿಂದಲೂ ಬೆಳಿಗ್ಗೆ ಎಂಟೂವರೆಗೆ ಮಳೆಯ ಲೆಕ್ಕ ಬರೆದಿಡುವ ರೂಢಿ ಇದೆ. ಆ ಲೆಕ್ಕವನ್ನು ಉಳಿಸಲು ಲ್ಯಾಪ್‌ಟಾಪಿನಲ್ಲಿ ಸಿ ಭಾಷೆಯಲ್ಲಿ ಚಿಕ್ಕ ಪ್ರೋಗ್ರಾಮ್ ಬರೆದಿದ್ದೆ. ವರ್ಷಗಟ್ಟಲೆ ತಪ್ಪಿಲ್ಲದೆ ನಡೆದಿತ್ತು. ಅದು ಉಳಿಸಿದ ಲೆಕ್ಕದ ಫೈಲನ್ನು ಅದೇ ಪ್ರೋಗ್ರಾಮಿನಿಂದ ಅಲ್ಟ್ರಾ 5ರಲ್ಲಿ ತೆರೆದಾಗ, ಒಂದು ಮಿಲಿಮೀಟರ್ ಮಳೆ ಬಿದ್ದ ದಿನದ ಎದುರು 1,67,77,216 ಎಂಬ ಸಂಖ್ಯೆ ಬಂತು. ಲ್ಯಾಪ್‌ಟಾಪಿನ ಪ್ರೊಸೆಸರ್ ನಾಲ್ಕು ಬೈಟಿನ ಸಂಖ್ಯೆಯನ್ನು ಕಿರಿಯ ಬೈಟಿನಿಂದ ಆರಂಭಿಸಿ ಬರೆಯುತ್ತದೆ, ಅಲ್ಟ್ರಾ 5ರ ಸ್ಪಾರ್ಕ್ ಪ್ರೊಸೆಸರ್ ಹಿರಿಯ ಬೈಟಿನಿಂದ ಓದುತ್ತದೆ. ಒಂದು ಎಂಬ ಅಂಕೆ ಕಡೆಯ ಮನೆಯಿಂದ ಮೊದಲ ಮನೆಗೆ ಹೋಗಿ ಕುಳಿತಿತ್ತು. ಬೈಟುಗಳ ಕ್ರಮವನ್ನು ಗೊತ್ತುಪಡಿಸಿ ಬರೆದ ಮೇಲೆ, ಎರಡನೆಯ ತಪ್ಪು ಹೊರಬಿತ್ತು. ದಿನಾಂಕದ ನಂತರದ ಬೆಸ ವಿಳಾಸದಿಂದ ನಾಲ್ಕು ಬೈಟು ಒಟ್ಟಿಗೆ ಎತ್ತಿಕೊಳ್ಳಲು ಹೋದ ನನ್ನ ಪ್ರೋಗ್ರಾಮನ್ನು ಸ್ಪಾರ್ಕ್ 'ಬಸ್ ಎರರ್' ಎಂದು ಅಲ್ಲೇ ನಿಲ್ಲಿಸಿತು. ಇಂಟೆಲ್ ಪ್ರೊಸೆಸರ್ ಇಂಥದನ್ನು ಸಹಿಸಿಕೊಂಡು ಹೋಗುತ್ತದೆ, ಇದು ಸಹಿಸುವುದಿಲ್ಲ. ಸಿ ಕಲಿಯುವ ಕಾಲೇಜಿನ ಮಕ್ಕಳು ನಮ್ಮ ಮನೆಗೆ ಬಂದಾಗ ನಾನು ಮೊದಲು ತೋರಿಸುವುದು ಈ ಎರಡು ತಪ್ಪುಗಳನ್ನೇ. ಪುಸ್ತಕದಲ್ಲಿ ಒಂದು ಪ್ಯಾರಾ ಆಗಿ ಓದಿದ್ದು ಕಣ್ಣೆದುರು ನಡೆದಾಗ ಅವರ ಮುಖ ಬದಲಾಗುತ್ತದೆ.

ಆಗದ ಕೆಲಸಗಳನ್ನೂ ಹೇಳಬೇಕು. ಇಂದಿನ ಜಾಲತಾಣಗಳನ್ನು ನೋಡಲು ಇದು ತಕ್ಕದ್ದಲ್ಲ, ವಿಡಿಯೊದ ಮಾತಂತೂ ಬೇಡ. ಎಕ್ಸ್‌ಟರ್ಮ್ ಎಂಬ, ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ ಕನ್ನಡದ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಫೈಲು ಯೂನಿಕೋಡಿನಲ್ಲಿ ಸುರಕ್ಷಿತವಾಗಿದ್ದರೂ ಓದಲು ಲ್ಯಾಪ್‌ಟಾಪಿಗೇ ಹೋಗಬೇಕು, ಇದು ನನಗೆ ನಿಜವಾಗಿ ನೋವಿನ ಸಂಗತಿ. ಹಳೆಯ ಎಲ್‌ಸಿಡಿ ಮಾನಿಟರ್ ಒಂದು ಮೊದಲಿಗೆ ಚಿತ್ರವನ್ನೇ ತೋರಿಸಲಿಲ್ಲ. ಓಪನ್‌ಬೂಟಿನಲ್ಲಿ ಪರದೆಯ ಅಳತೆಯನ್ನು 1024ಕ್ಕೆ 768 ಎಂದು ಗೊತ್ತುಪಡಿಸಿದ ಮೇಲೆ ಒಪ್ಪಿಕೊಂಡಿತು. ಫ್ಯಾನಿನ ಸದ್ದು ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದ ಕೋಣೆಗೂ ಕೇಳುತ್ತದೆ, ಜಡಿಮಳೆಯ ದಿನಗಳಲ್ಲಿ ಮಾತ್ರ ಹಂಚಿನ ಮೇಲಿನ ಸದ್ದಿನಲ್ಲಿ ಅದು ಅಡಗಿ ಹೋಗುತ್ತದೆ. ಪ್ಲಗ್ಗಿಗೆ ಮೀಟರ್ ಇಟ್ಟು ನೋಡಿದಾಗ ಮಾನಿಟರ್ ಬಿಟ್ಟು ಸುಮಾರು 70 ವ್ಯಾಟ್ ಬಂತು. ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ ಎಂಟೂವರೆ ಯೂನಿಟ್ಟಿನ ಒಳಗೇ ಇರುತ್ತದೆ.

ಕೊಳ್ಳುವ ಮನಸ್ಸಿದ್ದವರು ವ್ಯಾಪಾರಿಯ ಎದುರೇ ಸೀರಿಯಲ್ ಕೇಬಲ್ ಜೋಡಿಸಿ ಮೊದಲ ಸಾಲುಗಳನ್ನು ಓದಬೇಕು. ಮೆಮೊರಿಯ ಮೊತ್ತ ಸರಿಯಾಗಿ ಬಂದರೆ, ಗುರುತಿನ ಮಾಹಿತಿಯ ದೂರು ಇದ್ದರೂ ಹೆದರದೆ ಬೆಲೆಯಲ್ಲಿ 1,000 ರೂಪಾಯಿ ಇಳಿಸಿ ಕೇಳಬಹುದು. ಡಿಸ್ಕು ಇಲ್ಲದಿದ್ದರೆ ನಷ್ಟವಿಲ್ಲ, ಆದರೆ ಡಿಸ್ಕು ಕೂರಿಸುವ ಲೋಹದ ತೊಟ್ಟಿಲು ಇದೆಯೇ ಎಂದು ನೋಡಿಕೊಳ್ಳಿ. ಅದು ಬೇರೆಲ್ಲೂ ಸಿಗುವುದಿಲ್ಲ. ಕೀಬೋರ್ಡ್ ಜೊತೆಗೆ ಕೊಟ್ಟರೆ ಇನ್ನೊಂದು 1,000 ಹೆಚ್ಚು ಕೊಟ್ಟರೂ ಅಡ್ಡಿಯಿಲ್ಲ. ನನಗೆ ಅದು ಸಿಕ್ಕಿದ್ದು ಒಂದೂವರೆ ವರ್ಷ ಹುಡುಕಿದ ಮೇಲೆ. ಯಂತ್ರ ಓಡುತ್ತಿರುವಾಗ ಅದನ್ನು ಕೀಳಬೇಡಿ, ಕಿತ್ತರೆ ಇಡೀ ವ್ಯವಸ್ಥೆ ನಿಂತು ಓಕೆ ಪ್ರಾಂಪ್ಟಿಗೆ ಬಂದು ಕೂರುತ್ತದೆ. ನಮ್ಮ ಮನೆಯ ಬೆಕ್ಕು ತಂತಿಯೊಡನೆ ಆಡಿ ಹಾಗೆ ಮಾಡಿದ ದಿನದಿಂದ ತಂತಿಯನ್ನು ಮೇಜಿನ ಕಾಲಿಗೆ ಬಿಗಿಯಾಗಿ ಕಟ್ಟಿಟ್ಟಿದ್ದೇನೆ.