ಅಗ್ಗದ ವೆಬ್ ವಿನ್ಯಾಸ ತಂತ್ರಾಂಶ: ಹಣ ಕಟ್ಟುವ ಮೊದಲು ಕಡತ ಹೊರಗೆ ಬರುತ್ತದೆಯೇ ನೋಡಿ

ಸಣ್ಣ ಅಂಗಡಿ, ಹೋಮ್‌ಸ್ಟೇ, ಸಂಘ, ಶಾಲೆಗಳಿಗೆ ಕಡಿಮೆ ಖರ್ಚಿನಲ್ಲಿ ಜಾಲತಾಣ ಮಾಡಿಕೊಡುವವರೂ ತಮ್ಮದನ್ನು ತಾವೇ ಕಟ್ಟಿಕೊಳ್ಳಲು ಹೊರಟವರೂ ಹಣ ಪಾವತಿಸುವ ಮೊದಲು ಓದಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಶಿರಸಿಯ ಕಡೆ ಹೋಮ್‌ಸ್ಟೇ ನಡೆಸುವ ನಮ್ಮ ಭಾವನವರು, ‘ಕೋಡ್ ಗೊತ್ತಿರಬೇಕಿಲ್ಲ, ಎಳೆದು ತಂದು ಇಟ್ಟರಾಯಿತು’ ಎಂಬ ಜಾಹೀರಾತು ನೋಡಿ ಒಂದು ವೆಬ್ ವಿನ್ಯಾಸ ಸೇವೆಗೆ ಚಂದಾದಾರರಾದರು. ಪುಟಗಳನ್ನು ಜೋಡಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಆ ಕಂಪನಿಯ ಹೆಸರು ಇಲ್ಲಿ ಬೇಡ. ಒಂದು ಹೆಸರನ್ನು ಬಿಟ್ಟವರು ಅವೇ ಷರತ್ತುಗಳಿರುವ ಇನ್ನೊಂದಕ್ಕೆ ಸಿಕ್ಕಿಬೀಳುವ ಸಾಧ್ಯತೆಯೇ ಹೆಚ್ಚಾದ್ದರಿಂದ, ಷರತ್ತುಗಳನ್ನೇ ಹೇಳುತ್ತೇನೆ.

ಮೊದಲ ವರ್ಷದ ದರ ನಿಜಕ್ಕೂ ಕಡಿಮೆಯಿತ್ತು. ಎರಡನೆಯ ವರ್ಷಕ್ಕೆ ರಿಯಾಯಿತಿ ಮುಗಿದು ಅದು ಹಲವು ಪಟ್ಟಾಯಿತು. ಅದರ ಮೇಲೆ ಶೇ 18ರ ಜಿಎಸ್‌ಟಿ ಬಿತ್ತು, ಬೆಲೆ ಡಾಲರ್ ಲೆಕ್ಕದಲ್ಲಿದ್ದುದರಿಂದ ಬ್ಯಾಂಕಿನ ವಿದೇಶಿ ವಹಿವಾಟಿನ ಶುಲ್ಕವೂ ಸೇರಿಕೊಂಡಿತು. ಇಷ್ಟಕ್ಕೇ ನಿಂತಿದ್ದರೆ ದುಬಾರಿ ಎಂದು ಸುಮ್ಮನಾಗಬಹುದಿತ್ತು. ನಿಜವಾದ ತೊಂದರೆ ಕಂಡದ್ದು, ಅಲ್ಲಿಂದ ಜಾಲತಾಣವನ್ನು ಬಿಡಿಸಿಕೊಂಡು ಬೇರೆ ಹೋಸ್ಟಿಂಗ್‌ಗೆ (ತಾಣದ ಕಡತಗಳನ್ನು ಇಟ್ಟುಕೊಳ್ಳುವ ಸೇವೆಗೆ) ಒಯ್ಯಬೇಕೆಂದು ತೀರ್ಮಾನಿಸಿದಾಗ. ನಮ್ಮ ಪ್ಲಾನ್‌ನಲ್ಲಿ ‘ಎಕ್ಸ್‌ಪೋರ್ಟ್’ ಒತ್ತಿದರೆ ಸಿಗುತ್ತಿದ್ದುದು ಆ ತಂತ್ರಾಂಶವೊಂದೇ ತೆರೆಯಬಲ್ಲ ಪ್ರಾಜೆಕ್ಟ್ ಕಡತ. ಬ್ರೌಸರ್ ಓದುವ ಪುಟದ ಕೋಡ್, ಅಂದರೆ ಎಚ್‌ಟಿಎಂಎಲ್ ಬೇಕಾದರೆ ಮೇಲಿನ ಪ್ಲಾನ್‌ಗೆ ಹೋಗಬೇಕು ಎಂಬುದು ಬೆಲೆಪಟ್ಟಿಯ ತೀರಾ ಕೆಳಗಿನ ಸಾಲಿನಲ್ಲಿತ್ತು.

ಆ ಪ್ಲಾನಿಗೂ ಒಂದು ತಿಂಗಳ ಹಣ ಕಟ್ಟಿ ಪಡೆದ ಜಿಪ್ ಕಡತವನ್ನು ಬಿಚ್ಚಿ ನೋಡಿದರೆ, ಪ್ರತಿಯೊಂದು ಸಾಲಿನ ಬರಹವೂ ಬೇರೆ ಬೇರೆ ಪೆಟ್ಟಿಗೆಯಲ್ಲಿ, ಎಡದಿಂದ ಇಷ್ಟು ಪಿಕ್ಸೆಲ್, ಮೇಲಿನಿಂದ ಇಷ್ಟು ಪಿಕ್ಸೆಲ್ ಎಂದು ಮೊಳೆ ಹೊಡೆದಂತೆ ಕೂತಿತ್ತು. ಕೊಠಡಿ ಬಾಡಿಗೆಯ ಪಟ್ಟಿಗೆ ಒಂದು ಸಾಲು ಸೇರಿಸಿದರೆ ಕೆಳಗಿನ ವಿಳಾಸದ ಮೇಲೆಯೇ ಅದು ಬಂದು ಬೀಳುತ್ತಿತ್ತು. ಪುಟದ ಭಾಗಗಳನ್ನು ಗುರುತಿಸುವ ಕ್ಲಾಸ್‌ಗಳ ಹೆಸರುಗಳೆಲ್ಲ ಅಕ್ಷರ ಮತ್ತು ಅಂಕಿಗಳ ಕಲಸುಮೇಲೋಗರ. ಚಿತ್ರಗಳು ಜಿಪ್‌ನಲ್ಲಿ ಇರಲೇ ಇಲ್ಲ. ಕೊಂಡಿಗಳೆಲ್ಲ ಅವರ ಸರ್ವರಿನತ್ತಲೇ ಇದ್ದವು, ಅಂದರೆ ಖಾತೆ ಮುಚ್ಚಿದ ದಿನ ತೋಟದ ಫೋಟೊಗಳೂ ಹೋಗುತ್ತಿದ್ದವು. ಬುಕಿಂಗ್ ವಿಚಾರಣೆಯ ಫಾರ್ಮ್ ಕಣ್ಣಿಗೆ ಕಾಣುತ್ತಿತ್ತಾದರೂ, ಅದು ಕಳಿಸುವ ಮಾಹಿತಿಯನ್ನು ಸ್ವೀಕರಿಸುವ ಪ್ರೋಗ್ರಾಂ ಅವರಲ್ಲೇ ಉಳಿದಿದ್ದರಿಂದ ಬರೆದದ್ದು ಎಲ್ಲಿಗೂ ತಲುಪುತ್ತಿರಲಿಲ್ಲ. ಇನ್ನು ಕನ್ನಡದ ಶೀರ್ಷಿಕೆಗಳನ್ನು ಆ ತಂತ್ರಾಂಶ ಪಿಎನ್‌ಜಿ ಚಿತ್ರಗಳಾಗಿ ಮಾಡಿಬಿಟ್ಟಿತ್ತು. ನೋಡುವವರಿಗೆ ಅದು ಕನ್ನಡವೇ; ಹುಡುಕಾಟದ ಯಂತ್ರಗಳಿಗೂ ಪರದೆ ಓದುವ ತಂತ್ರಾಂಶಕ್ಕೂ ಅದು ಬರಿಯ ಚಿತ್ರ.

ಚಿಕ್ಕ ಕಂಪನಿಗಳಷ್ಟೇ ಹೀಗೆ ಎಂದು ಭಾವಿಸಬೇಡಿ. ಅಡೋಬಿಯ ಮ್ಯೂಸ್ ಎಂಬ ವೆಬ್ ವಿನ್ಯಾಸ ತಂತ್ರಾಂಶವನ್ನು ನಿಲ್ಲಿಸುವುದಾಗಿ 2018ರ ಮಾರ್ಚ್‌ನಲ್ಲಿ ಪ್ರಕಟಿಸಿ, 2020ರ ಮಾರ್ಚ್‌ಗೆ ಬೆಂಬಲವನ್ನೂ ಕೊನೆಗೊಳಿಸಲಾಯಿತು. ಅದರಿಂದ ಪ್ರಕಟವಾದ ಎಚ್‌ಟಿಎಂಎಲ್ ಪುಟಗಳು ಜಾಲದಲ್ಲಿ ಉಳಿದವು, ಆದರೆ ತಿದ್ದಲು ಬೇಕಾದ ಮೂಲ ಮ್ಯೂಸ್ ಕಡತವನ್ನು ತೆರೆಯುವ ಬೇರೆ ತಂತ್ರಾಂಶ ಅಡೋಬಿಯಲ್ಲೇ ಇರಲಿಲ್ಲ. ಇದರ ಪಕ್ಕದಲ್ಲಿ ಕೋಡ್ ಎಡಿಟರುಗಳ, ಅಂದರೆ ಕೋಡನ್ನು ಕೈಯಾರೆ ಬರೆಯುವ ತಂತ್ರಾಂಶಗಳ, ಕತೆಯನ್ನು ಇಟ್ಟು ನೋಡಿ. ಅದೇ ಅಡೋಬಿ ಬ್ರಾಕೆಟ್ಸ್ ಎಡಿಟರಿಗೆ ಕೊಡುತ್ತಿದ್ದ ಬೆಂಬಲವನ್ನು 2021ರ ಸೆಪ್ಟೆಂಬರ್ 1ಕ್ಕೆ ನಿಲ್ಲಿಸಿತು. ಗಿಟ್‌ಹಬ್ ತನ್ನ ಆಟಮ್ ಎಡಿಟರನ್ನು 2022ರ ಡಿಸೆಂಬರ್ 15ರಂದು ಮುಚ್ಚಿತು. ಆಟಮ್‌ನಲ್ಲಿ ವರ್ಷಗಟ್ಟಲೆ ಬರೆದವರು ಮರುದಿನ ಅವೇ ಫೋಲ್ಡರುಗಳನ್ನು ಇನ್ನೊಂದು ಎಡಿಟರಿನಲ್ಲಿ ತೆರೆದು ಕೆಲಸ ಮುಂದುವರಿಸಿದರು, ಏಕೆಂದರೆ ಅವು ಸಾದಾ ಪಠ್ಯ ಕಡತಗಳು. ತಂತ್ರಾಂಶದ ಆಯ್ಕೆಯಲ್ಲಿ ಬೆಲೆಗಿಂತ ಮೊದಲು ನಾನು ನೋಡುವುದು ಈ ವ್ಯತ್ಯಾಸವನ್ನು.

ಬೆಲೆಯ ಮಾತಿಗೇ ಬಂದರೆ, ಎಡಿಟರಿಗೆಂದು ದುಡ್ಡು ಖರ್ಚು ಮಾಡುವ ಅಗತ್ಯ ಹೊಸಬರಿಗೆ ಇಲ್ಲವೇ ಇಲ್ಲ. 2015ರಲ್ಲಿ ಬಂದ ಮೈಕ್ರೋಸಾಫ್ಟ್‌ನ ವಿಎಸ್ ಕೋಡ್ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಹಳೆಯ, ಕಡಿಮೆ ಮೆಮೊರಿಯ ವಿಂಡೋಸ್ ಕಂಪ್ಯೂಟರಿಗೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹಗುರ, ಲಿನಕ್ಸ್‌ನಲ್ಲಾದರೆ ಜೀನಿ ಇದೆ. ಸಬ್‌ಲೈಮ್ ಟೆಕ್ಸ್ಟ್ ಮಾತ್ರ ಹಣದ್ದು. ಪರೀಕ್ಷಾರ್ಥ ಬಳಕೆಗೆ ಅದು ಕಾಲಮಿತಿ ಹಾಕದಿದ್ದರೂ ಬಳಸುತ್ತ ಹೋಗುವವರು ಪರವಾನಗಿ ಕೊಳ್ಳಬೇಕೆಂಬುದು ಅದರ ನಿಯಮ. ಉಚಿತವಾದದ್ದನ್ನೇ ಪೆನ್‌ಡ್ರೈವ್‌ಗೆ ಹಾಕಿ ‘ಸಾಫ್ಟ್‌ವೇರ್ ಕಿಟ್’ ಎಂದು ಶುಲ್ಕ ಕೇಳುವ ತರಬೇತಿ ಕೇಂದ್ರಗಳೂ ಇವೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಡೌನ್‌ಲೋಡ್ ಮಾಡುವಾಗ ಹುಡುಕಾಟದ ಫಲಿತಾಂಶದ ಮೇಲ್ಗಡೆ ಕಾಣುವ ಜಾಹೀರಾತು ಕೊಂಡಿಯನ್ನು ಒತ್ತದೆ, ತಯಾರಕರ ಅಧಿಕೃತ ತಾಣದಿಂದಲೇ ಪಡೆಯಿರಿ.

ಹಣ ಉಳಿಸಲೆಂದು ‘ನಲ್ಡ್’, ಅಂದರೆ ಬೀಗ ಒಡೆದು ಪುಕ್ಕಟೆ ಹಂಚುವ ಥೀಮ್‌ಗಳ (ಸಿದ್ಧ ವಿನ್ಯಾಸಗಳ) ಕಡೆಗೆ ಹೋಗುವುದು ಇನ್ನೂ ಅಪಾಯ. ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ತಾಣಗಳನ್ನು ಕಾಡಿದ ಡಬ್ಲ್ಯುಪಿ-ವಿಸಿಡಿ ಎಂಬ ಕುತಂತ್ರಾಂಶ ಹರಡಿದ್ದು ಇಂಥ ಥೀಮ್ ಮತ್ತು ಪ್ಲಗಿನ್‌ಗಳ (ಹೆಚ್ಚುವರಿ ಸೌಲಭ್ಯದ ತುಣುಕುಗಳ) ಮೂಲಕ ಎಂದು ಭದ್ರತಾ ಕಂಪನಿ ವರ್ಡ್‌ಫೆನ್ಸ್ 2019ರಲ್ಲಿ ವರದಿ ಮಾಡಿತ್ತು.

ಕನ್ನಡದಲ್ಲಿ ಪುಟ ಮಾಡುವವರಿಗೆ ಇನ್ನೊಂದು ಮಾತು. ಭಾವನವರ ತಾಣವನ್ನು ಮೊದಲಿನಿಂದ ಎಚ್‌ಟಿಎಂಎಲ್‌ನಲ್ಲಿ ಬರೆಯುವಾಗ, ಅವರು ಹಿಂದೆ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಸಿಟ್ಟಿದ್ದ ಪರಿಚಯವನ್ನು ಅಂಟಿಸಿದರೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಕಾಣಿಸಿತು. ಅದು ಯುನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ವ್ಯವಸ್ಥೆ) ಅಲ್ಲದ, ಫಾಂಟ್ ಆಧಾರಿತ ಬರಹ, ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಳ್ಳಬೇಕು. ಯುನಿಕೋಡ್ ಕನ್ನಡವಿದ್ದ ಕಡತವನ್ನೂ ಆನ್ಸಿ ಎಂಬ ಹಳೆಯ ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಕಡತದಲ್ಲಿ ಉಳಿಸುವ ಕ್ರಮದಲ್ಲಿ) ಉಳಿಸಿದರೆ ಪ್ರತಿ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ, ಮುಚ್ಚಿ ತೆರೆದ ಮೇಲೆ ಮೂಲ ಬರಹ ಮರಳಿ ಬರುವುದಿಲ್ಲ. ಎಡಿಟರಿನ ಕೆಳಗಿನ ಬಲಮೂಲೆಯಲ್ಲಿ ಯುನಿಕೋಡ್‌ನ ಎನ್‌ಕೋಡಿಂಗ್ ಆದ ಯುಟಿಎಫ್-8 ಎಂದು ಇದೆಯೇ ಎಂದು ನೋಡಿ, ಪುಟದ ಹೆಡ್ ಭಾಗದಲ್ಲೂ ಅದನ್ನೇ ನಮೂದಿಸಿ. ಹಣ ಕೊಟ್ಟು ಕೊಳ್ಳುವ ವಿನ್ಯಾಸ ತಂತ್ರಾಂಶವಾದರೆ, ಪರೀಕ್ಷಾ ಅವಧಿಯಲ್ಲೇ ಒತ್ತಕ್ಷರಗಳಿರುವ ಒಂದು ಕನ್ನಡ ಪ್ಯಾರಾ ಹಾಕಿ, ಪ್ರಕಟಿಸಿ, ಬ್ರೌಸರಿನಲ್ಲಿ ಮೌಸಿನಿಂದ ಅದನ್ನು ಆಯ್ದು ನಕಲು ಮಾಡಲು ಬರುತ್ತದೆಯೇ ಎಂದು ಪರೀಕ್ಷಿಸಿ. ಬಾರದಿದ್ದರೆ ಅದು ಚಿತ್ರವಾಗಿರುವ ಸಾಧ್ಯತೆಯೇ ಹೆಚ್ಚು.

ಈಗಾಗಲೇ ಇಂಥ ಸೇವೆಯಲ್ಲಿ ಸಿಕ್ಕಿಕೊಂಡವರು ಬಿಡಿಸಿಕೊಳ್ಳುವ ಕ್ರಮಕ್ಕೆ ಗಮನ ಕೊಡಬೇಕು. ವಾರ್ಷಿಕ ಒಪ್ಪಂದಕ್ಕೆ ತಿಂಗಳ ಕಂತು ಎಂಬ ಪ್ಲಾನ್‌ಗಳಲ್ಲಿ ನಡುವೆ ಬಿಟ್ಟರೆ ದಂಡ ಬೀಳಬಹುದು; ಇಂಥ ಶುಲ್ಕವನ್ನು ಗ್ರಾಹಕರಿಂದ ಮರೆಮಾಚಿದೆ ಎಂದು ಆರೋಪಿಸಿ ಅಮೆರಿಕದ ಗ್ರಾಹಕ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್‌ನ ಶಿಫಾರಸಿನ ಮೇಲೆ ಅಲ್ಲಿನ ನ್ಯಾಯ ಇಲಾಖೆ 2024ರ ಜೂನ್‌ನಲ್ಲಿ ಅಡೋಬಿಯ ವಿರುದ್ಧ ಮೊಕದ್ದಮೆ ಹೂಡಿತು. ನಮ್ಮಲ್ಲಿ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ (ತಾನಾಗಿ ಹಣ ಕಡಿತವಾಗಲು ಮೊದಲೇ ಕೊಟ್ಟ ಒಪ್ಪಿಗೆ) ನಿಯಮದಂತೆ ಕಾರ್ಡಿನಿಂದ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು, ಆದರೆ 2022ರ ಜೂನ್‌ನಲ್ಲಿ ಒಟಿಪಿಯಿಲ್ಲದ ಕಡಿತದ ಮಿತಿಯನ್ನು 15,000 ರೂಪಾಯಿಗೆ ಏರಿಸಿದ್ದರಿಂದ ಅದರೊಳಗಿನ ಕಡಿತಕ್ಕೆ ಒಟಿಪಿ ಕೇಳುವುದಿಲ್ಲ. ಭಾವನವರ ಮೊಬೈಲಿಗೆ ಆ ಎಸ್‌ಎಂಎಸ್ ಬಂದಿತ್ತು. ಕಂಪನಿಯ ‘ರದ್ದುಮಾಡಿ’ ಗುಂಡಿಯೋ ಚಾಟ್ ಪೆಟ್ಟಿಗೆಯೊಂದಕ್ಕೆ ಕರೆದೊಯ್ದು ಹೊಸ ರಿಯಾಯಿತಿಗಳನ್ನು ಒಂದರ ಹಿಂದೊಂದು ತೋರಿಸುತ್ತಿತ್ತು. ಕೊನೆಗೆ ಅವರು ಬ್ಯಾಂಕಿನ ಆ್ಯಪ್‌ನಲ್ಲಿ ಮ್ಯಾಂಡೇಟನ್ನೇ ರದ್ದುಮಾಡಿದರು. ಆದರೆ ಅದಕ್ಕೂ ಮೊದಲು ಎರಡು ಕೆಲಸ ಮುಗಿಸಿಕೊಂಡೆವು: ಚಿತ್ರಗಳನ್ನೆಲ್ಲ ಇಳಿಸಿಕೊಂಡೆವು, ಮೊದಲ ವರ್ಷ ‘ಉಚಿತ’ವೆಂದು ಕೊಟ್ಟಿದ್ದ ಡೊಮೈನ್ ಹೆಸರನ್ನು (ತಾಣದ ವಿಳಾಸವನ್ನು) ವರ್ಗಾವಣೆಯ ಕೋಡ್ ಪಡೆದು, ಇಂಥ ಹೆಸರು ನೋಂದಾಯಿಸುವ ಬೇರೆ ರಿಜಿಸ್ಟ್ರಾರ್‌ಗೆ ಭಾವನವರ ಹೆಸರಿನಲ್ಲೇ ಬದಲಾಯಿಸಿದೆವು. ಖಾತೆ ಮುಚ್ಚಿದ ಮೇಲೆ ಆ ಕೋಡ್‌ಗಾಗಿ ಅದೇ ಚಾಟ್ ಪೆಟ್ಟಿಗೆಯ ಮುಂದೆ ಕಾಯಬೇಕಾಗುತ್ತಿತ್ತು.